ಮನೆಯ ಕಂಬಳಿ ಕಿತ್ತು ಹಿಟ್ಟಿಗೆ ಹೊದಿಸಿದ್ದು

ಹೊರಗೆ ಒಂದು ಹನಿ ಮಳೆಯಿಲ್ಲ. ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ ಲಕಲಕ ಅನ್ನುತ್ತಿದೆ. ಚಳಿ ಎಷ್ಟಿದೆಯೆಂದರೆ ಮೂಗಿನೊಳಗಿನ ಕೂದಲು ಕೂಡ ಗಟ್ಟಿಯಾಗಿ ಚುಚ್ಚುತ್ತಿದೆ. ಅಂಥ ಬೆಳಿಗ್ಗೆ ನಮ್ಮ ಮನೆಯೊಳಗೆ ಮಾತ್ರ ಮಳೆ ಬರುತ್ತಿತ್ತು. ಅದೂ ಬೆಳ್ಳಗಿನ ಮಳೆ.

ಆ ಬಿಳುಪಿಗೆ ಕಾರಣ ಯಾರೆಂದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಕೈಯಲ್ಲಿ ಬಕೆಟ್ ಹಿಡಿದುಕೊಂಡು, ಈಗಷ್ಟೇ ಹುಟ್ಟಿದ ಕೂಸಿನಷ್ಟು ಮುಗ್ಧ ಮುಖ ಮಾಡಿಕೊಂಡು ನಿಂತಿದ್ದ. ಆ ಮುಖವನ್ನು ನಾನು ಈಗಲೂ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನೋಡುತ್ತೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು, ಅದಿಲ್ಲದೆ ನನ್ನ ಅವಮಾನದ ಪೂರ್ತಿ ರುಚಿ ನಿಮಗೆ ಸಿಗುವುದಿಲ್ಲ. ನಾನು ಜಪಾನಿನ ಹಮಾಮತ್ಸುವಿನಲ್ಲಿ ಕಾರುಗಳ ಕೆಲಸ ಮಾಡುವ ಬೆಂಗಳೂರಿನ ಇಂಜಿನಿಯರ್. ಚಳಿಯಲ್ಲಿ ಕಾರಿನೊಳಗಿನ ಬಿಸಿ ಯಾವ ಸಂದಿಯಿಂದ ತಪ್ಪಿಸಿಕೊಂಡು ಹೋಗುತ್ತದೆ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ಹೌದು, ಬಿಸಿ ಸೋರುವುದನ್ನು ಹಿಡಿಯುವ ಕೆಲಸ. ಅದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹಮಾಮತ್ಸುವಿನಲ್ಲಿ ಆ ಮಟ್ಟದ ಚಳಿ ಬೀಳುವುದಿಲ್ಲವಾದ್ದರಿಂದ ಚಳಿಗಾಲದಲ್ಲಿ ನಮ್ಮಂಥವರನ್ನು ಕಾರುಗಳ ಸಮೇತ ಉತ್ತರಕ್ಕೆ, ಹೊಕ್ಕೈಡೊಗೆ ಕಳಿಸುತ್ತಾರೆ. ಅಲ್ಲಿ ಒಂದು ಸಣ್ಣ ಊರಿನ ಅಂಚಿನಲ್ಲಿ ನಮಗೊಂದು ಬಾಡಿಗೆ ಮನೆ ಕೊಡಿಸಿದ್ದರು.

ಮನೆ ಅಂದರೆ ಕಟ್ಟಿದ ಮನೆಯಲ್ಲ. ಗೋಡೆ, ಕಿಟಕಿ, ಚಾವಣಿ ಎಲ್ಲವನ್ನೂ ಫ್ಯಾಕ್ಟರಿಯಲ್ಲೇ ಮಾಡಿ, ಲಾರಿಯಲ್ಲಿ ಹೇರಿಕೊಂಡು ಬಂದು, ಬೋಲ್ಟು ಬಿಗಿದು ನಿಲ್ಲಿಸಿದ ಮನೆ. ಉದ್ದಕ್ಕೆ, ತಗ್ಗಾಗಿ, ತಗಡಿನ ಚಾವಣಿ ಹೊತ್ತುಕೊಂಡು ಮಲಗಿದ ರೈಲು ಬೋಗಿಯ ಹಾಗಿತ್ತು. ಗೋಡೆ ಎಷ್ಟು ತೆಳು ಎಂದರೆ ಈ ಕೋಣೆಯಲ್ಲಿ ಯೋಚನೆ ಮಾಡಿದರೆ ಆ ಕೋಣೆಯಲ್ಲಿ ಕೇಳಿಸುತ್ತದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಡುಗೆಮನೆ ಸೇರಿದ ಹಾಲ್ ಒಂದು, ನನ್ನ ಕೋಣೆ ಒಂದು, ಅಣ್ಣನ ಕೋಣೆ ಒಂದು.

ಅಣ್ಣ ಅಂದರೆ ಒಡಹುಟ್ಟಿದವರಲ್ಲ. ಆಫೀಸಿನಲ್ಲಿ ನನ್ನ ಸೀನಿಯರ್, ಮೈಸೂರಿನವರು. ಜಪಾನಿಗೆ ಬಂದು ವರ್ಷಗಳಾಗಿವೆ, ಭಾಷೆ ನೀರು ಕುಡಿದ ಹಾಗೆ ಬರುತ್ತದೆ. ನನಗೆ ಬರುವುದು ಕ್ಷಮಿಸಿ ಅನ್ನುವ ಸುಮಿಮಾಸೆನ್, ಥ್ಯಾಂಕ್ಸ್ ಅನ್ನುವ ಅರಿಗಾತೋ, ಮತ್ತು ಕೊಂಬಿನಿ ಅಂಗಡಿಯಲ್ಲಿ ‘ಬಿಸಿ ಮಾಡಿ ಕೊಡಿ’ ಅನ್ನುವುದು. ಅವರ ಹೆಂಡತಿ, ಮಗಳು ಹಮಾಮತ್ಸುವಿನಲ್ಲೇ ಇದ್ದರು. ಮಗಳು ಒಂದನೇ ಕ್ಲಾಸು. ಅಣ್ಣ ದಿನಾ ವಿಡಿಯೋ ಕಾಲ್ ಮಾಡಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವಳು ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದಳು. ಹಿಮ ಬೀಳಲು ಶುರುವಾದ ಮೇಲೆ ಆ ಉತ್ತರಗಳೂ ಚಿಕ್ಕದಾಗುತ್ತಾ ಬಂದವು. ‘ಊಟ ಆಯ್ತಾ ಪುಟ್ಟಿ’ ಅಂದರೆ ‘ಉನ್’, ಅಂದರೆ ಹೂಂ, ಅನ್ನುವುದು. ‘ಸ್ಕೂಲ್ ಹೇಗಿತ್ತು’ ಅಂದರೆ ‘ಫೈನ್’ ಅನ್ನುವುದು. ಆಮೇಲೆ ಫೋನು ಅಮ್ಮನ ಕೈಗೆ.

ಒಂದು ಸಂಜೆ ಕಾಲ್ ಮುಗಿಸಿ ಅಣ್ಣ ಹೇಳಿದರು, “ನಾನು ಅವಳಿಗೆ ಟೀವಿಲಿ ಬರೋ ಯಾರೋ ಅಂಕಲ್ ಥರ ಆಗ್ಬಿಟ್ಟಿದೀನಿ ಕಣೋ.”

ವರ್ಷದ ಕೊನೆಯ ರಜೆಗೆ ಅತ್ತಿಗೆ, ಮಗಳು ಇಬ್ಬರೂ ಇಲ್ಲಿಗೆ ಬರುವುದೆಂದು ನಿಶ್ಚಯವಾಯಿತು. ಆವತ್ತಿನಿಂದ ಅಣ್ಣನಿಗೆ ಬೇರೆ ಧ್ಯಾನವೇ ಇಲ್ಲ. ತಮ್ಮ ಕೋಣೆಗೆ ಹೊಸ ಹಾಸಿಗೆ ತಂದರು, ಮೊಲದ ಚಿತ್ರವಿರುವ ಹೊದಿಕೆ ತಂದರು. ಅವರಿಗೆ ಬೇಕಾಗಿದ್ದದ್ದು ಒಂದೇ: ಮಗಳ ಜೊತೆ ಒಂದೇ ಸೂರಿನಡಿ ಮಲಗಿ ಒಟ್ಟಿಗೆ ಏಳುವುದು. “ಎದ್ದ ತಕ್ಷಣ ಮಕ್ಕಳು ತುಂಬಾ ಮಾತಾಡ್ತಾರೆ. ಆಗ ಯಾವ ಭಾಷೆ ಬಾಯಿಗೆ ಬರುತ್ತೋ ಅದೇ ಅವರ ಭಾಷೆ. ನಾನು ಅಲ್ಲಿರ್ಬೇಕು ಅಷ್ಟೆ,” ಅನ್ನುತ್ತಿದ್ದರು.

ಈ ಪವಿತ್ರ ಕಾರ್ಯಕ್ರಮದೊಳಗೆ ನಾನು ಮೂಗು ತೂರಿಸಿದ್ದು ದೋಸೆಯ ಮೂಲಕ.

ಒಂದು ದಿನ ಫೋನಿನಲ್ಲಿ ಅಣ್ಣ ಮಗಳನ್ನು, ಇಲ್ಲಿಗೆ ಬಂದರೆ ಏನು ತಿಂತೀಯ ಎಂದು ಕೇಳಿದರು. ಅವಳು ದೋಸೆ ಅಂದಳು. ನಾನು ಹಿಂದಿನಿಂದ ಕತ್ತು ಚಾಚಿ, “ಪುಟ್ಟಿ, ನಿನ್ಗೆ ನಾನು ಮೈಸೂರಿನಲ್ಲೂ ಸಿಗದಂಥ ದೋಸೆ ಹಾಕ್ಕೊಡ್ತೀನಿ!” ಎಂದು ಘೋಷಿಸಿದೆ. ಅದುವರೆಗೆ ನಾನು ಜೀವನದಲ್ಲಿ ಒಂದು ದೋಸೆಯನ್ನೂ ಹಾಕಿರಲಿಲ್ಲ. ತಿಂದಿದ್ದೆ. ಆ ಅನುಭವ ಸಾಕೆಂದುಕೊಂಡಿದ್ದೆ.

ಅಕ್ಕಿ, ಉದ್ದಿನಬೇಳೆ ಟೋಕಿಯೋದಿಂದ ಪಾರ್ಸೆಲ್ಲಿನಲ್ಲಿ ತರಿಸಿದೆ. ನೆನೆಸಿ ಮಿಕ್ಸಿಯಲ್ಲಿ ರುಬ್ಬಿದೆ. ಅಲ್ಲಿಯವರೆಗೆ ಎಲ್ಲಾ ಸರಿ. ಆದರೆ ಆ ಚಳಿಯಲ್ಲಿ ಹಿಟ್ಟು ಉಬ್ಬಲಿಲ್ಲ. ಉಬ್ಬುವುದಿರಲಿ, ಉಸಿರಾಡುವ ಲಕ್ಷಣವೂ ಕಾಣಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಗೋಡೆಗೆ ಮೆತ್ತುವ ಗಾರೆಯ ಹಾಗೆ ತಣ್ಣಗೆ ಮಲಗಿತ್ತು. ಸ್ನಾನದ ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟೆ. ಮಗುಚಿಕೊಂಡಿತು, ಅಣ್ಣ ಅವತ್ತು ಅರಿಯದೆ ಅಕ್ಕಿಹಿಟ್ಟಿನಲ್ಲಿ ಸ್ನಾನ ಮಾಡಿ ‘ಏನೋ ಇವತ್ತು ಚರ್ಮ ನುಣ್ಣಗಿದೆ’ ಅಂದರು. ನನ್ನ ಹೊದಿಕೆಯೊಳಗೆ ತಬ್ಬಿಕೊಂಡು ಮಲಗಿದೆ. ಕಾವು ಕೂತ ಕೋಳಿಗೂ ಅಷ್ಟು ನಿಷ್ಠೆ ಇರಲಾರದು. ಪ್ರಯೋಜನವಾಗಲಿಲ್ಲ.

ಆಗ ನನ್ನ ತಲೆಗೆ ವಿಜ್ಞಾನ ಹೊಳೆಯಿತು. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವುದು? ಸೀಲಿಂಗಿನ ಮೇಲಿನ ಜಾಗ.

ಅಣ್ಣನ ಕೋಣೆಯಲ್ಲಿ ಹಾಸಿಗೆ ಮಡಚಿಡುವ ಗೋಡೆಬೀರು ಒಂದಿತ್ತು. ಅದರೊಳಗೆ ಹತ್ತಿ ನಿಂತು ಮೇಲಿನ ಹಲಗೆಯನ್ನು ತಳ್ಳಿದರೆ ಅದು ಸರಿದು, ಚಾವಣಿಗೂ ಸೀಲಿಂಗಿಗೂ ನಡುವಿನ ಗೂಡು ಕಾಣುತ್ತದೆ. ಅಣ್ಣ ಕಾರು ಓಡಿಸಿ ಪರೀಕ್ಷಿಸುವ ಟ್ರ್ಯಾಕಿಗೆ ಹೋಗಿದ್ದಾಗ ತಲೆ ತೂರಿಸಿ ನೋಡಿದೆ. ಏನು ಹೇಳಲಿ! ಉದ್ದಕ್ಕೂ ಹಳದಿ ಬಣ್ಣದ, ಮೆತ್ತನೆಯ, ದಪ್ಪ ಗ್ಲಾಸ್ ವುಲ್ ಹಾಸಿಗೆ. ಮನೆಯ ಬಿಸಿ ಮೇಲೆ ಹೋಗದಂತೆ ಫ್ಯಾಕ್ಟರಿಯವರು ಹಾಸಿ ಕಳಿಸಿದ್ದ ಕಂಬಳಿ ಅದು. ಒಂದು ಡಬರಿ ಹಿಟ್ಟಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಇದೆಯೇ? ಆ ಕೋಣೆಯ ನೆತ್ತಿಯ ಮೇಲಿನ ಅಷ್ಟೂ ತುಂಡನ್ನು ಕಿತ್ತು, ಸುರುಳಿ ಸುತ್ತಿ, ಮಧ್ಯೆ ಡಬರಿ ಕೂರಿಸಿದೆ. ಹಲಗೆಯನ್ನು ಅರ್ಧ ಸರಿಸಿಯೇ ಇಟ್ಟೆ. ಕೋಣೆಯ ಹೀಟರನ್ನು ಗೋಡೆಬೀರಿನ ಕಡೆ ತಿರುಗಿಸಿ, ಅದರ ಬಾಗಿಲನ್ನು ಒಂದು ಗೇಣು ತೆರೆದಿಟ್ಟೆ.

ಕೈಯೆಲ್ಲಾ ಗಾಜಿನ ನೂಲು ಚುಚ್ಚಿ ಕೆಂಪಾಗಿ ತುರಿಸುತ್ತಿತ್ತು. ಮಹತ್ಕಾರ್ಯಗಳಿಗೆ ತುರಿಕೆ ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡೆ.

ಮಾರನೆಯ ದಿನ ಹಿಟ್ಟು ಡಬರಿಯ ಮುಚ್ಚಳ ಎತ್ತಿ ಹಿಡಿದಿತ್ತು! ಹುಳಿಯ ಘಮ, ತುಂಬಾ ಗುಳ್ಳೆ. ನಾನು ಗೋಡೆಬೀರಿನೊಳಗೆ ನಿಂತೇ ಕುಣಿದೆ. ಮೊದಲ ದೋಸೆಗಳು ಭೂಪಟದ ಆಕಾರದಲ್ಲಿ ಬಂದರೂ ಅಣ್ಣ ಕಣ್ಣು ಮುಚ್ಚಿಕೊಂಡು ತಿಂದರು. “ಎಲ್ಲೋ ಉಬ್ಬಿಸ್ದೆ ಇದನ್ನ?” ಅಂದರು.

“ಟ್ರೇಡ್ ಸೀಕ್ರೆಟ್ ಅಣ್ಣ.”

ಪುಟ್ಟಿ ಬರುವ ಹೊತ್ತಿಗೆ ಕೈ ಪಳಗಬೇಕೆಂದು ದಿನಾ ಹಿಟ್ಟು ಇಡತೊಡಗಿದೆ. ಹೀಗೆ ಅಣ್ಣನ ಕೋಣೆಯ ನೆತ್ತಿ ದಿನವಿಡೀ ಬೆಚ್ಚಗಿತ್ತು. ಚಾವಣಿಯ ಮೇಲೆ ಸೊಂಟದೆತ್ತರ ಹಿಮ ಕೂತಿತ್ತು.

ಸ್ವಲ್ಪ ದಿನದಲ್ಲೇ ಆ ಕೋಣೆಯ ಹೊರಗಡೆ, ಸೂರಿನಂಚಿಗೆ ಐಸಿನ ಬಿಳಲುಗಳು ಇಳಿಯತೊಡಗಿದವು. ಆಲದ ಮರದ ಬಿಳಲಿನ ಹಾಗೆ, ಮೊದಲು ಬೆರಳು ಗಾತ್ರ, ಆಮೇಲೆ ತೋಳು ಗಾತ್ರ. ಅವುಗಳ ಹಿಂದೆ, ಚಾವಣಿಯ ತುದಿಯಲ್ಲಿ, ಗಟ್ಟಿ ಮಂಜುಗಡ್ಡೆಯ ಒಂದು ದಪ್ಪ ಒಡ್ಡು. ಅಕ್ಕಪಕ್ಕದ ಯಾವ ಮನೆಗೂ ಅಷ್ಟು ಚಂದದ ಅಲಂಕಾರವಿರಲಿಲ್ಲ. ನಾನು ಅದರ ಕೆಳಗೆ ನಿಂತು ಸೆಲ್ಫಿ ತೆಗೆದು, ‘ನಮ್ಮನೆ ಝೂಮರ್ ಲೈಟು’ ಎಂದು ಬೆಂಗಳೂರಿನ ಗೆಳೆಯರಿಗೆಲ್ಲ ಕಳಿಸಿದೆ. ಬಿಸಿ ಎಲ್ಲಿ ಸೋರುತ್ತಿದೆ ಎಂದು ಸಾಕ್ಷಾತ್ ಚಾವಣಿಯೇ ಬೊಟ್ಟು ಮಾಡಿ ತೋರಿಸುತ್ತಿದ್ದಾಗ, ಅದಕ್ಕಾಗಿಯೇ ಸಂಬಳ ತಿನ್ನುವ ಇಂಜಿನಿಯರ್ ಅದರ ಕೆಳಗೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡಿದ್ದ. ಆ ಫೋಟೋ ಅಳಿಸಲು ಹೋದರೆ ಎಲ್ಲರ ಫೋನಿನಲ್ಲೂ ಇದೆ.

ಆಗುತ್ತಿದ್ದದ್ದು ಇಷ್ಟೆ. ಒಳಗಿನ ಬಿಸಿಗೆ ತಗಡು ಕಾದು, ಹಿಮದ ತಳ ಮಾತ್ರ ಕರಗಿ, ನೀರು ತಗಡಿನ ಮೇಲೆ ಕೆಳಕ್ಕೆ ಹರಿಯುತ್ತಿತ್ತು. ಸೂರಿನಂಚಿನ ಕೆಳಗೆ ಕೋಣೆಯಿಲ್ಲ, ಬಿಸಿಯಿಲ್ಲ. ಅಲ್ಲಿಗೆ ಬಂದ ನೀರು ಹೆಪ್ಪುಗಟ್ಟಿ ಕಟ್ಟೆಯಾಗುತ್ತಿತ್ತು. ಹಿಂದಿನಿಂದ ಬಂದ ನೀರು ಕಟ್ಟೆಗೆ ತಡೆದು ಕೆರೆಯಾಗಿ ನಿಂತು, ತಗಡಿನ ಜೋಡಣೆಯ ಸಂದಿಯಲ್ಲಿ ಒಳಗಿಳಿಯುತ್ತಿತ್ತು. ಇದಕ್ಕೆ ಆ ಕಡೆಯವರು ‘ಸುಗಾಮೋರಿ’ ಅನ್ನುತ್ತಾರೆ. ನಾನು ಮೊದಲ ಹನಿ ಬಿದ್ದಾಗ ಬೇರೆ ಏನೋ ಅಂದೆ.

“ಕಂಡೆನ್ಸೇಷನ್ ಅಣ್ಣ. ಟೆನ್ಷನ್ ಮಾಡ್ಕೋಬೇಡಿ. ನಾವು ಉಸಿರಾಡೋ ಹಬೆ ಇದು.”

“ಅಷ್ಟೊಂದು ಉಸಿರಾಡ್ತೀನೇನೋ ನಾನು?” ಅಂದರು ಅಣ್ಣ, ಒದ್ದೆಯಾದ ದಿಂಬು ಹಿಂಡುತ್ತಾ.

ಅವರು ಓಯಾಸಾನ್‌ಗೆ, ಅಂದರೆ ಮನೆಯ ಮಾಲೀಕರಿಗೆ, ಫೋನ್ ಮಾಡುತ್ತೇನೆಂದರು. ನಾನು ತಡೆದೆ. ಓಯಾಸಾನ್ ಬಂದರೆ ಗೋಡೆಬೀರು ತೆರೆಯುತ್ತಾರೆ ಎಂಬ ಭಯ ನನಗಾಗಲೇ ಶುರುವಾಗಿತ್ತು. “ಸಣ್ಣ ವಿಷಯಕ್ಕೆ ಅವರನ್ನ ಯಾಕೆ ಡಿಸ್ಟರ್ಬ್ ಮಾಡ್ತೀರಾ? ಆ ಐಸ್ ಒಡೆದ್ರೆ ನೀರು ಹೊರಗೆ ಹೋಗುತ್ತೆ. ನನಗೆ ಬಿಡಿ,” ಅಂದೆ.

ಬಿಟ್ಟರು. ಪಾಪ.

ಮೊದಲು ಏಣಿ ಹಾಕಿ ಅಡುಗೆಮನೆಯಲ್ಲಿದ್ದ ಅಷ್ಟೂ ಉಪ್ಪನ್ನು ಒಡ್ಡಿನ ಮೇಲೆ ಸುರಿದೆ. ಒಡ್ಡಿಗೆ ರುಚಿ ಬಂದಿರಬಹುದು, ಕರಗಲಿಲ್ಲ. ಅವತ್ತು ನಮ್ಮ ಸಾರು ಮಾತ್ರ ಸಪ್ಪೆಯಾಯಿತು. ಆಮೇಲೆ ಕುಕ್ಕರಿನಲ್ಲಿ ನೀರು ಕುದಿಸಿ ಹೊಯ್ದೆ. ಅದು ಅರೆಕ್ಷಣ ಹೊಗೆಯಾಡಿ, ಒಡ್ಡಿನ ಮೇಲೆ ಇನ್ನೊಂದು ಪದರ ಐಸಾಗಿ ಕೂತು, ಕಟ್ಟೆಯನ್ನು ಎತ್ತರಿಸಿಕೊಟ್ಟಿತು. ಕೊನೆಗೆ, ಬೆಳ್ಳುಳ್ಳಿ ಜಜ್ಜಲೆಂದು ಅಣ್ಣ ಮೈಸೂರಿನಿಂದ ಹೊತ್ತು ತಂದಿದ್ದ ಕುಟ್ಟಾಣಿಯ ಕಲ್ಲಿನ ಗುಂಡು ತೆಗೆದುಕೊಂಡು ಹೋಗಿ ಶಕ್ತಿಯೆಲ್ಲ ಹಾಕಿ ಕುಟ್ಟಿದೆ. ಐಸಿನ ಒಂದು ಚೂರು ಹಾರಿ ನನ್ನ ಹಣೆಗೆ ಬಡಿಯಿತು. ಮುಂದಿನ ಏಟು ಜಾರಿ ತಗಡಿಗೆ ಬಿತ್ತು. ‘ಠಣ್’ ಅಂದಿತು. ಸಂದಿ ಇನ್ನಷ್ಟು ಬಾಯಿ ಬಿಟ್ಟಿತು.

ಕುಟ್ಟುವಾಗ ಸೀಲಿಂಗಿನ ಮೇಲೆ ಇನ್ನೊಂದು ಅನಾಹುತವೂ ಆಗಿತ್ತು. ಅದು ನನಗೆ ತಿಳಿದದ್ದು ಮಾರನೆಯ ಬೆಳಿಗ್ಗೆ. ಆವತ್ತಿಗೆ ಅತ್ತಿಗೆ, ಪುಟ್ಟಿ ಬರುವುದಕ್ಕೆ ಇನ್ನೊಂದೇ ದಿನ ಉಳಿದಿತ್ತು.

ಮೊಲದ ಹೊದಿಕೆಯ ಮೇಲೆ ಬೆಳ್ಳಗೆ ಹನಿ ಬೀಳುತ್ತಿತ್ತು. ಡಬರಿ ವಾಲಿತ್ತು; ಉಕ್ಕಿದ ಹಿಟ್ಟು ಸೋರಿದ ನೀರಿನ ಜೊತೆ ಸೇರಿ, ಸೀಲಿಂಗಿನ ಜೋಡಣೆ ಹುಡುಕಿಕೊಂಡು ಇಳಿಯುತ್ತಿತ್ತು. ಸೀಲಿಂಗ್ ಹಲಗೆ ಉಬ್ಬಿ ಜೋತುಬಿದ್ದಿತ್ತು. ನಾನು ಬಕೆಟ್ ಹಿಡಿದು ಓಡಿ ಬಂದಾಗ ಅಣ್ಣ ಬೆರಳಲ್ಲಿ ಒಂದು ಹನಿ ಮುಟ್ಟಿ ಮೂಸಿ ನೋಡುತ್ತಿದ್ದರು.

“ಇದೇನೋ ಹುಳಿ ವಾಸನೆ?”

ಅವರು ಇನ್ನೊಮ್ಮೆ ಮೂಸಿದರು. ಗೋಡೆಬೀರನ್ನು ನೋಡಿದರು. ಅದರ ಕಡೆ ಮುಖ ಮಾಡಿದ ಹೀಟರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರೂ ಬಿಸಿಯ ಇಂಜಿನಿಯರೇ.

“ಲೋ,” ಅಂದರು. ಅಷ್ಟರಲ್ಲಿ ಹೊರಗೆ ಬಾಗಿಲ ಬಳಿ “ಗೊಮೆನ್ ಕುದಾಸಾಯ್”, ಅಂದರೆ ಮನೆಯಲ್ಲಿದ್ದೀರಾ, ಎಂಬ ದನಿ ಕೇಳಿತು. ನನ್ನ ಕುಟ್ಟಾಟ ಮುಗಿದ ಮೇಲೆ, ನನಗೆ ಹೇಳದೆ, ಅವರು ಓಯಾಸಾನ್‌ಗೆ ಫೋನ್ ಮಾಡಿಬಿಟ್ಟಿದ್ದರು.

ಓಯಾಸಾನ್ ವಯಸ್ಸಾದವರು, ಹಿಂದೆ ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವರು. ಅಂಗಡಿ ಮುಚ್ಚಿದ ಮೇಲೆ ಆ ಜಾಗದಲ್ಲಿ ಈ ಮನೆ ತಂದು ಕೂರಿಸಿದ್ದರು. ಒಳಗೆ ಬಂದವರು ಸೀಲಿಂಗ್ ನೋಡಿದರು, ಹಾಸಿಗೆ ನೋಡಿದರು, ಟೊಪ್ಪಿಗೆ ತೆಗೆದು ನನ್ನೆದುರು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಹಾಗೇ ಏನೇನೋ ಹೇಳಿದರು.

ಅಣ್ಣ ಒಂದಿಷ್ಟೂ ಭಾವನೆಯಿಲ್ಲದ ದನಿಯಲ್ಲಿ ನನಗೆ ಕನ್ನಡ ಮಾಡಿ ಹೇಳಿದರು: “ಕೆಟ್ಟ ಮನೆ ಕೊಟ್ಟಿದ್ದಕ್ಕೆ ಕ್ಷಮಿಸಬೇಕಂತೆ. ಫ್ಯಾಮಿಲಿ ಬರೋ ಹೊತ್ತಲ್ಲಿ ಹೀಗಾಗಿದ್ದಕ್ಕೆ ಅವರಿಗೆ ಮುಖ ತೋರ್ಸಕ್ಕಾಗ್ತಿಲ್ವಂತೆ. ಬಣ್ಣ ಬೇರೆ ಬೆಳ್ಳಗಿದೆ, ಚಾವಣಿಯಿಂದ ಏನಾದ್ರೂ ಕೆಮಿಕಲ್ ಬರ್ತಿರಬೋದು, ನಿನ್ನ ಆರೋಗ್ಯ ಹೇಗಿದೆ ಅಂತ ಕೇಳ್ತಿದಾರೆ.”

“ಚೆನ್ನಾಗಿದೆ ಅಂತ ಹೇಳಿ,” ಅಂದೆ.

“ನಾಚಿಕೆ ಆಗಲ್ವೇನೋ ನಿನಗೆ?” ಅದನ್ನು ಅನುವಾದದ ದನಿಯಲ್ಲೇ ಹೇಳಿದರು.

ಓಯಾಸಾನ್ ಗೋಡೆಬೀರಿನೊಳಗೆ ಹತ್ತಿದರು. ಹಲಗೆ ಸರಿಸಿದರು. ಅವರ ತಲೆ, ಭುಜ ಮೇಲೆ ಹೋದವು; ಕೆಳಗೆ ನಮಗೆ ಕಾಣುತ್ತಿದ್ದದ್ದು ಉಣ್ಣೆಯ ಕಾಲುಚೀಲ ಹಾಕಿದ ಎರಡು ಪಾದ ಮಾತ್ರ. ಆ ಪಾದಗಳು ಬಹಳ ಹೊತ್ತು ಅಲುಗಲಿಲ್ಲ. ಸತ್ಯ ಹೇಳುತ್ತೇನೆ, ನನ್ನ ಇಂಜಿನಿಯರಿಂಗ್ ರಿಸಲ್ಟಿಗೂ ನಾನು ಅಷ್ಟು ಬೆವರಿರಲಿಲ್ಲ. ಅಷ್ಟು ಚಳಿಯಲ್ಲಿ ಬೆವರಿದವನು ಹೊಕ್ಕೈಡೊ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು.

ಅವರು ಇಳಿದರು. ಎರಡೂ ಕೈಯಲ್ಲಿ ಡಬರಿ. ಜಪಾನಿನಲ್ಲಿ ವಿಸಿಟಿಂಗ್ ಕಾರ್ಡ್ ಕೊಡುವಾಗ ಹಿಡಿಯುತ್ತಾರಲ್ಲ, ಹಾಗೆ, ಗೌರವದಿಂದ. ತಲೆಯ ಮೇಲೆ ಹಳದಿ ಗ್ಲಾಸ್ ವುಲ್‌ನ ಒಂದು ಎಳೆ ಕೂತಿತ್ತು. ಅಣ್ಣನನ್ನು ಏನೋ ಕೇಳಿದರು. ಅಣ್ಣ ಹೇಳಿದರು. ಅದರಲ್ಲಿ ‘ದೋಸಾ’ ಎಂಬ ಪದ ನನಗೆ ಕೇಳಿಸಿತು. ಓಯಾಸಾನ್ ಡಬರಿಯನ್ನು ನೋಡಿದರು, ನನ್ನ ಕೆಂಪು ಕೈಗಳನ್ನು ನೋಡಿದರು.

ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ಎಷ್ಟು ಸುಖ! ಬೈಸಿಕೊಂಡವನಿಗೆ ಒಂದು ಸ್ಥಾನ ಇರುತ್ತದೆ.

ಅವರು ಡಬರಿಯನ್ನು ನನ್ನ ಕೈಗೆ ಕೊಟ್ಟು, ಮತ್ತೆ ಬಗ್ಗಿದರು, ಈ ಸಲ ಇನ್ನೂ ಕೆಳಕ್ಕೆ.

ಅಣ್ಣ ಕನ್ನಡ ಮಾಡಿದರು: “ಅಡುಗೆ ಪಾತ್ರೆನ ಸೀಲಿಂಗಲ್ಲಿ ಇಡ್ಬೇಕಾದಷ್ಟು ಚಳಿ ಇರೋ ಮನೇಲಿ ನಿನ್ನ ಇರಿಸಿದ್ದು ಅವರ ತಪ್ಪಂತೆ. ಹೇಳಕ್ಕೆ ನಿನಗೆ ಸಂಕೋಚ ಆಗಿರಬೇಕು, ನಾನೇ ಬಂದು ವಿಚಾರಿಸ್ಬೇಕಿತ್ತು ಅಂತಿದಾರೆ.” ನನ್ನ ಕಡೆ ತಿರುಗಿ, “ಈಗ ನಿನ್ನ ಸರದಿ. ಏನ್ ಹೇಳ್ತೀಯೋ ಹೇಳು, ನಾನು ಒಂದಕ್ಷರ ಬಿಡ್ದೆ ಹೇಳ್ತೀನಿ,” ಅಂದರು.

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನಗೆ ಆಗ ಕನ್ನಡವೂ ಬರಲಿಲ್ಲ. ಡಬರಿ ಹಿಡಿದುಕೊಂಡೇ ಬಗ್ಗಿ “ಸುಮಿಮಾಸೆನ್” ಅಂದೆ. ಉಳಿದಿದ್ದ ಹಿಟ್ಟು ಓಯಾಸಾನ್ ಕಾಲುಚೀಲದ ಮೇಲೆ ಚೆಲ್ಲಿತು.

ಆ ಸಂಜೆಯೊಳಗೆ ಎಲ್ಲ ತೀರ್ಮಾನವಾಯಿತು. ಸೀಲಿಂಗ್ ಒಣಗುವವರೆಗೆ ಆ ಕೋಣೆಯಲ್ಲಿ ಯಾರೂ ಮಲಗುವಂತಿಲ್ಲ. ನನ್ನ ಕೋಣೆ ಕೊಡುತ್ತೇನೆಂದು ಗೋಗರೆದೆ. ಒದ್ದೆ ಮನೆಯಲ್ಲಿ ಮಗು ಬೇಡ ಎಂದು ಓಯಾಸಾನ್ ಒಪ್ಪಲಿಲ್ಲ. ಅತ್ತಿಗೆ, ಪುಟ್ಟಿ ರಸ್ತೆಯಾಚೆಯ ಅವರ ಮನೆಯಲ್ಲಿ ಇರಲಿ ಎಂದು ಓಯಾಸಾನ್ ಹೆಂಡತಿ ಬಂದು ಕರೆದರು. ಅಲ್ಲಿ ಇದ್ದದ್ದು ಒಂದು ಪುಟ್ಟ ಕೋಣೆ, ಇಬ್ಬರು ಮಲಗಿದರೆ ತುಂಬಿತು. ಹೀಗಾಗಿ ಹೆಂಡತಿ, ಮಗಳು ಬಂದಮೇಲೂ ಅಣ್ಣ ಅಲ್ಲಿ ಊಟ ಮುಗಿಸಿ, ಪುಟ್ಟಿಗೆ ಕೈಬೀಸಿ, ಹಿಮ ತುಳಿದುಕೊಂಡು ಬಂದು ನನ್ನ ಕೋಣೆಯಲ್ಲಿ, ನನ್ನ ಗೊರಕೆಯ ಪಕ್ಕ ಮಲಗತೊಡಗಿದರು. ಯಾವ ಬೆಳಗಿಗಾಗಿ ಅವರು ಕಾದಿದ್ದರೋ ಆ ಬೆಳಗಿನಲ್ಲಿ ಅವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ನನ್ನ ಮುಖ.

ಅವರು ಬೈಯಲಿಲ್ಲ. ಒಮ್ಮೆ ಮಾತ್ರ, ಬೆಳಿಗ್ಗೆ ಕಾಫಿ ಕೊಟ್ಟಾಗ, ಲೋಟ ನೋಡುತ್ತಾ, “ಇದನ್ನ ಎಲ್ಲಿ ಬಿಸಿ ಮಾಡಿದ್ದು?” ಅಂದರು.

ಪ್ರಾಯಶ್ಚಿತ್ತ ಮಾಡಲು ಹೊರಟರೆ ಜಪಾನಿನಲ್ಲಿ ಅದೂ ಸುಲಭವಲ್ಲ. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗಬಾರದು, ಸಿಹಿಯ ಡಬ್ಬ ಒಯ್ಯಬೇಕು. ಒಯ್ದೆ. ಕೊಟ್ಟವರನ್ನು ಅವರು ಬರಿಗೈಯಲ್ಲಿ ಕಳಿಸುವುದಿಲ್ಲ. ಓಯಾಸಾನ್ ಹೆಂಡತಿ, ಪುಟ್ಟಿಯ ಬಾಯಲ್ಲಿ ‘ಒಬಾಸಾನ್’ ಆಗಿದ್ದವರು, ಮೂಲಂಗಿ ಉಪ್ಪಿನಕಾಯಿ ಕೊಟ್ಟರು. ಮತ್ತೊಮ್ಮೆ ಹೋದೆ, ಕುಂಬಳಕಾಯಿ ಕೊಟ್ಟರು. ಮಗದೊಮ್ಮೆ ಹೋದಾಗ ನನ್ನ ಕೈ ತುರಿಕೆಗೆ ಮುಲಾಮು ಕೊಟ್ಟರು. ತಪ್ಪು ಮಾಡಿದವನ ಅಡುಗೆಮನೆ ತುಂಬುತ್ತಾ ಬಂತು. ಅತ್ತಿಗೆ ಅದನ್ನೂ ಬಿಡಲಿಲ್ಲ. “ಏನಪ್ಪಾ, ಬಿಸಿನೆಸ್ ಚೆನ್ನಾಗಿದೆ! ಇನ್ನೊಂದೆರಡು ಮನೆ ಸೋರ್ಸಿದ್ರೆ ತರಕಾರಿ ಅಂಗಡಿ ಇಡಬೋದು,” ಅಂದರು.

ಅವರ ಕಣ್ಣು ತಪ್ಪಿಸಲು ನಾನು ಹೆಚ್ಚು ಹೊತ್ತು ಮನೆಯ ಮೇಲೇ ಇರುತ್ತಿದ್ದೆ. ಮೇಲೆ ಅಂದರೆ ಏಣಿಯ ಮೇಲೆ. ಓಯಾಸಾನ್ ಕೊಟ್ಟ ಉದ್ದ ಹಿಡಿಯ ಹಲಗೆಯಲ್ಲಿ ಚಾವಣಿಯ ಹಿಮವನ್ನು ಕೆಳಕ್ಕೆ ಎಳೆದು ಹಾಕಿದೆ. ಹಿಮ ಹೋದಮೇಲೆ ಕರಗುವುದಕ್ಕೆ ಏನೂ ಇರಲಿಲ್ಲ, ಒಡ್ಡು ತಾನಾಗಿ ತೆಳುವಾಯಿತು. ಬಾಯಿ ಬಿಟ್ಟ ಸಂದಿಗೆ ಬಡಗಿ ಬಂದು ಪಟ್ಟಿ ಹಾಕಿದ. ನಾನು ಮೇಲೆ ಹತ್ತಿ, ಹೊಸ ಗ್ಲಾಸ್ ವುಲ್ ಹಾಸಿ, ಒಂದು ಸಂದಿಯನ್ನೂ ಬಿಡದೆ ಒತ್ತಿದೆ. ಆಫೀಸಿನಲ್ಲಿ ಯಾವ ಕಾರಿಗೂ ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ. ಸೀಲಿಂಗಿಗೆ ದಿನವಿಡೀ ಫ್ಯಾನ್ ಇಟ್ಟೆ. ಹೋಗಿ ಬಂದು ಅಂಗೈ ಒತ್ತಿ ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ನೋಡಿದ ಹಾಗೆ.

ಪುಟ್ಟಿ ಹೊರಡುವ ಹಿಂದಿನ ದಿನ ಕೋಣೆ ಒಣಗಿತು. ಆ ಒಂದು ರಾತ್ರಿ ಮೂವರೂ ಅಲ್ಲಿ ಮಲಗಿದರು.

ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಗೋಡೆಯಾಚೆಯ ಮಾತಿಗೆ. ಪುಟ್ಟಿ ಕೇಳುತ್ತಿದ್ದಳು:

“ಅಪ್ಪಾ, ವೈ ಡಿಡಂಟ್ ವಿ ಸ್ಲೀಪ್ ಹಿಯರ್ ಫಸ್ಟ್ ಡೇ?”

ನಾನು ಹೊದಿಕೆಯನ್ನು ಕಿವಿಯಿಂದ ಸರಿಸಿದೆ.

“ಸ್ನೋ ಜಾಸ್ತಿ ಬಿದ್ದಿತ್ತು ಪುಟ್ಟಿ. ಅದಕ್ಕೇ ನೀರು ಸೋರ್ತು. ಯಾರ ತಪ್ಪೂ ಅಲ್ಲ.”

ನನ್ನನ್ನು ಬಿಟ್ಟುಕೊಡಲಿಲ್ಲ ಅವರು. ತಮ್ಮ ಮಗಳೆದುರಿಗೂ. ಬೈದಿದ್ದರೆ ಪಕ್ಕಕ್ಕೆ ಹೊರಳಿ ನಿದ್ದೆ ಮಾಡುತ್ತಿದ್ದೆನೇನೋ, ಇದನ್ನು ತಡೆಯಲಾಗಲಿಲ್ಲ. ಎದ್ದು, ಮಂಕಿಕ್ಯಾಪ್ ಕೂಡ ತೆಗೆಯದೆ, ಹೋಗಿ ಅವರ ಬಾಗಿಲು ಸರಿಸಿದೆ.

“ಪುಟ್ಟಿ, ಸ್ನೋ ತಪ್ಪಲ್ಲ. ನನ್ ತಪ್ಪು. ನಾನೇ ಅಲ್ಲಿ ಮೇಲೆ—”

“ಐ ನೋ, ಅಂಕಲ್,” ಅಂದಳು ಅವಳು, ಮೊಲದ ಹೊದಿಕೆಯಿಂದ ಮೂಗು ಮಾತ್ರ ಹೊರಗಿಟ್ಟು. “ಎವ್ರಿಬಡಿ ನೋಸ್.”

ಓಯಾಸಾನ್ ಮನೆಗೆ ಬಂದುಹೋಗುವವರಿಗೆಲ್ಲ, ಹಾಲು ತರುವವರಿಂದ ಹಿಡಿದು ಪಕ್ಕದ ಮನೆಯವರವರೆಗೆ, ಈ ಕತೆ ಗೊತ್ತಿತ್ತಂತೆ. ಅತ್ತಿಗೆ ನಗು ತಡೆಯಲು ದಿಂಬು ಬಾಯಿಗೆ ಒತ್ತಿಕೊಂಡಿದ್ದರು. ಇಡೀ ಊರಿನಲ್ಲಿ ನನ್ನನ್ನು ನೋಡಿ ಅಷ್ಟು ಮಂದಿ ಯಾಕೆ ಮುಗುಳ್ನಗುತ್ತಿದ್ದರೆಂದು ಆಗ ನನಗೆ ಅರ್ಥವಾಯಿತು. ನನ್ನ ವ್ಯಕ್ತಿತ್ವವೇ ಹಾಗೆ ಎಂದುಕೊಂಡಿದ್ದೆ.

ಆದರೆ ಪುಟ್ಟಿ ನನ್ನ ಕಡೆ ನೋಡುತ್ತಿರಲಿಲ್ಲ. ಅಪ್ಪನ ಕಡೆ ತಿರುಗಿದ್ದಳು. ಅಣ್ಣನ ಮುಖ ಸಣ್ಣಗಾಗಿತ್ತು. ಅವರು ಇಷ್ಟು ಕಾದು ಪಡೆದ ಒಂದೇ ಒಂದು ಬೆಳಗಿನಲ್ಲಿ, ನನ್ನಿಂದಾಗಿ, ಮಗಳ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರು. ನೆಲ ಬಾಯಿ ಬಿಡಲಿ ಅನ್ನಿಸಿತು.

“ಗೊತ್ತಿದ್ರೆ ಮತ್ಯಾಕೆ ಕೇಳ್ದೆ?” ಅಂದರು ಅಣ್ಣ ಮೆಲ್ಲಗೆ.

ಅವಳು ಸ್ವಲ್ಪ ಯೋಚನೆ ಮಾಡಿದಳು. ಪದ ಹುಡುಕುತ್ತಿದ್ದಳು ಅನ್ನಿಸುತ್ತದೆ.

“ಅಪ್ಪ ಹೇಳ್ಲಿ ಅಂತ,” ಅಂದಳು. “ಒಬಾಸಾನ್ ಹೇಳಿದ್ದು ಸಣ್ಣ ಕತೆ. ಅಪ್ಪ ದೊಡ್ಡ ಕತೆ ಹೇಳು.”

ಕನ್ನಡದಲ್ಲಿ. ಅತ್ತಿಗೆ ದಿಂಬು ಕೆಳಗಿಟ್ಟರು. ಅಣ್ಣ ಒಂದು ಸಲ ನನ್ನ ಕಡೆ ನೋಡಿದರು. ನನಗೆ ಏನು ಮಾಡಬೇಕೆಂದು ತಿಳಿಯದೆ ಬಾಗಿಲು ಮುಚ್ಚಿದೆ. ಸ್ಟೇಷನ್ನಿಗೆ ಹೋಗುವ ಕಾರು ಹಿಮದಡಿ ಮುಚ್ಚಿಹೋಗಿತ್ತು. ಬೂಟು ಹಾಕಿ, ಸಲಿಕೆ ತೆಗೆದುಕೊಂಡು ಹೊರಗೆ ನಡೆದೆ.

ಕಿಟಕಿಯ ಕೆಳಗೇ ಕಾರು. ಅಣ್ಣ ಕತೆ ಶುರು ಮಾಡಿದ್ದು ಒಂದಕ್ಷರ ಬಿಡದೆ ಕೇಳುತ್ತಿತ್ತು. ಅವರ ಬಾಯಲ್ಲಿ ನನ್ನ ಡಬರಿ ಹಂಡೆಯಾಯಿತು. ಹಂಡೆಯೊಳಗಿನ ಹಿಟ್ಟು ಉಬ್ಬಿ ಚಾವಣಿಯನ್ನೇ ಟೊಪ್ಪಿಗೆಯ ಹಾಗೆ ಎತ್ತಿತು. ಕುಟ್ಟಾಣಿ ಹಿಡಿದ ಅಂಕಲ್ ಐಸಿನ ಮೇಲಿಂದ ಜಾರಿ, ಪಕ್ಕದ ಊರಿನವರೆಗೆ ಜಾರುತ್ತಲೇ ಹೋದ. ಪುಟ್ಟಿ ಕೇಕೆ ಹಾಕಿ, “ಆಮೇಲೆ? ಆಮೇಲೆ?” ಅನ್ನುತ್ತಿದ್ದಳು.

ಅಷ್ಟೊಂದು ಆಗಿರಲಿಲ್ಲ ಎಂದು ಕಿಟಕಿ ತಟ್ಟಿ ಹೇಳಬಹುದಿತ್ತು. ಕಿವಿ ಸುಡುತ್ತಿತ್ತು. ತಲೆ ಬಗ್ಗಿಸಿಕೊಂಡು ಹಿಮ ತೆಗೆದೆ. ಕಾರು ಪೂರ್ತಿ ಕಂಡ ಮೇಲೂ, ಅವರ ಕತೆ ಮುಗಿದಿರಲಿಲ್ಲವಾದ್ದರಿಂದ, ತೆಗೆಯುತ್ತಲೇ ಇದ್ದೆ.